ಗಟ್ಟಿಗಿತ್ತಿಗೆ ಮಳೆ ಬಂದರೆ ನಿದ್ದೆ ಇಲ್ಲ

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಸಿಂಧನೂರಿನಲ್ಲಿ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಯಜಮಾನರು ರೈಸ್‌ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಏಳು ವರ್ಷದ ಮಗ ಇದ್ದಾನೆ. ನನ್ನ ತವರು ಮಾನ್ವಿ ಕಡೆ, ಹೊಳೆದಂಡೆಯ ಊರು. 2009ರ ನೆರೆಯಲ್ಲಿ ನಮ್ಮ ಮನೆ ಬಿತ್ತು. ಆಗ ನನಗೆ 16. ನಾವೆಲ್ಲ ಶಾಲೆಯ ಮಾಳಿಗೆ ಹತ್ತಿ ಉಳಿದುಕೊಂಡೆವು. ಕೊಟ್ಟಿಗೆಯ ಕರುವಿನ ಹಗ್ಗ ಬಿಚ್ಚು ಅಂತ ಅಪ್ಪ ನನಗೆ ಹೇಳಿದ್ದರು. ಗಡಿಬಿಡಿಯಲ್ಲಿ ನಾನು ಬಿಚ್ಚಲಿಲ್ಲ. ಈಗಲೂ ಮಳೆ ಜೋರಾದರೆ ನಿದ್ದೆ ಹಾರುತ್ತದೆ. ಟಾರ್ಚ್ ಹಿಡಿದು ಹೊರಗೆ ಹೋಗಿ ಚರಂಡಿ ನೀರು ಎಷ್ಟಾಗಿದೆ ಅಂತ ನೋಡಿ ಬರುತ್ತೇನೆ, ರಾತ್ರಿಗೆ ಐದಾರು ಸಲ. ತುಂಗಭದ್ರಾ (ಟಿಬಿ) ಡ್ಯಾಂ ಗೇಟು ಕಿತ್ತುಹೋದ ಸುದ್ದಿ ಬಂದಾಗಿನಿಂದ ಇದು ಜಾಸ್ತಿ ಆಗಿದೆ. ಮಗ ಬಕೆಟ್ ನೀರಲ್ಲಿ ಆಡಿದರೆ ಸಿಟ್ಟು ನೆತ್ತಿಗೇರಿ ಹೊಡೆದುಬಿಡುತ್ತೇನೆ. ಆಮೇಲೆ ಬಚ್ಚಲಲ್ಲೇ ಕೂತು ಅಳುತ್ತೇನೆ. ಹೊಟ್ಟೆನೋವು, ತಲೆಭಾರ ಇದ್ದೇ ಇದೆ. ಸ್ಕ್ಯಾನಿಂಗ್ ಮಾಡಿಸಿದರೆ ಎಲ್ಲ ನಾರ್ಮಲ್. ಹಾಲು ಮೊಸರು ನನಗೆ ಸೇರಲ್ಲ, ಅದಕ್ಕೇ ಇರಬಹುದಾ? ಮನೆಯಲ್ಲಿ ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಅಂತಾರೆ. ಕಾಗದಪತ್ರ ಎಲ್ಲ ಲ್ಯಾಮಿನೇಶನ್ ಮಾಡಿಸಿ ಅಟ್ಟದ ಮೇಲೆ ಜೋಡಿಸಿಟ್ಟಿದ್ದೇನೆ ಅಂತ ಅತ್ತೆ ಬಂದವರ ಮುಂದೆಲ್ಲ ಹೊಗಳುತ್ತಾರೆ. ಇದು ಹುಚ್ಚಿನ ಶುರುವಾ? ಆ ನೆರೆಯಲ್ಲಿ ಎಷ್ಟೋ ಜನ ಸತ್ತರು. ನಮ್ಮ ಮನೆಯವರಿಗೆ ಏನೂ ಆಗಲಿಲ್ಲ. ಒಂದು ಕರುವಿಗಾಗಿ ಇಷ್ಟು ವರ್ಷ ಆದಮೇಲೂ ಅಳುವುದು ಅಂದರೆ ನನಗೇ ನಾಚಿಕೆ. ಹೆಸರು ಹಾಕಬೇಡಿ.

ಉತ್ತರ: ತಂಗಿ, ಹುಚ್ಚಿನ ಶುರು ಅಲ್ಲ ಇದು. ಮೊದಲು ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಕರುವಿನ ಮಾತಿಗೆ ಆಮೇಲೆ ಬರುತ್ತೇನೆ, ಯಾಕಂದರೆ ನಿಮ್ಮ ಪತ್ರದಲ್ಲಿ ಅದೇ ಮುಖ್ಯ ಅಂತ ನನಗೆ ಅನ್ನಿಸಿತು.

ಪತ್ರ ಓದಿ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ. ಎದುರಿಗೆ ಕೂತು ಮಾತಾಡಿದರೇ ಹೇಳಲು ಬರುವುದು. ಆದರೆ ನೀವು ಬರೆದಿರುವ ಒಂದೊಂದು ಸಂಗತಿಯೂ ನನಗೆ ಚೆನ್ನಾಗಿ ಪರಿಚಯ ಇರುವಂಥದ್ದು. ಮನಸ್ಸಿಗೆ ಬಿದ್ದ ಪೆಟ್ಟು ಆರದೇ ಉಳಿದರೆ ಅದು ದಿನನಿತ್ಯದಲ್ಲಿ ಹೇಗೆ ಕಾಣಿಸುತ್ತದೆ ಅನ್ನುವುದಕ್ಕೆ ನಿಮ್ಮ ಪತ್ರವೇ ಒಳ್ಳೆಯ ಉದಾಹರಣೆ.

ಬಳ್ಳಾರಿಯಲ್ಲಿ ನನ್ನ ಹತ್ತಿರ ಬರುವವರಲ್ಲಿ 'ಟ್ರಾಮಾ' ಅನ್ನುವ ಮಾತು ಹೇಳುವವರು ಇಲ್ಲವೇ ಇಲ್ಲ ಅನ್ನಬೇಕು. 'ಆಘಾತ' ಅಂದರೆ ಹೃದಯಾಘಾತವಾ ಅಂತ ಕೇಳುತ್ತಾರೆ. ಜನ ಹೇಳುವುದು ಬೇರೆ ಥರ. 'ಎದಿ ಢವಢವ ಅಂತೈತ್ರಿ.' 'ಜೀವಕ್ಕ ಸಮಾಧಾನ ಇಲ್ರಿ.' 'ತಲಿ ಭಾರ ಆಗಿ ಕುಂತೈತಿ.' 'ಸಣ್ಣ ಸಪ್ಪಳಕ್ಕೂ ಬೆಚ್ಚಿಬೀಳ್ತೀನ್ರಿ.' ಯಾವಾಗಿನಿಂದ ಅಂತ ಕೇಳಿದರೆ 'ಮೊದ್ಲಿಂದ್ಲೂ ಹಿಂಗೇ' ಅಂತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಆ 'ಮೊದ್ಲಿಂದ್ಲೂ' ಅನ್ನುವುದಕ್ಕೆ ಒಂದು ವರ್ಷ, ಒಂದು ತಿಂಗಳು, ಎಷ್ಟೋ ಸಲ ಒಂದು ರಾತ್ರಿಯೇ ಸಿಗುತ್ತದೆ.

ಮಿದುಳಿನಲ್ಲಿ ಬಾದಾಮಿ ಬೀಜದ ಆಕಾರದ ಒಂದು ಭಾಗ ಇದೆ. ಅಮಿಗ್ಡಾಲ ಅಂತಾರೆ. ಅದರ ಕೆಲಸ ಕಾವಲು. ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕವಣೆ ಹಿಡಿದು ಹಕ್ಕಿ ಕಾಯುವ ಹುಡುಗ ಅಂದುಕೊಳ್ಳಿ. ಒಂದು ಸಲ ಹಿಂಡು ಬಂದು ಅರ್ಧ ಹೊಲ ತಿಂದುಹೋಯಿತು ಅಂದರೆ, ಆಮೇಲೆ ಆ ಹುಡುಗ ಎಲೆ ಅಲುಗಿದರೂ ಕೂಗು ಹಾಕುತ್ತಾನೆ. ಅವನ ತಪ್ಪಲ್ಲ. ಅವನಿಗೆ ಪಕ್ಕದಲ್ಲಿ ಇನ್ನೊಬ್ಬ ಬೇಕು. 'ಅದು ಹೋದ ವರ್ಷದ ಮಾತು, ಇದು ಬರೀ ಗಾಳಿ' ಅಂತ ಹೇಳುವವನು. ಮಿದುಳಿನಲ್ಲಿ ಆ ಕೆಲಸ ಹೆಚ್ಚಾಗಿ ಹಿಪೊಕ್ಯಾಂಪಸ್ ಅನ್ನುವ ಭಾಗದ್ದು. ಯಾವ ಘಟನೆ ಎಲ್ಲಿ, ಯಾವಾಗ ಆಯಿತು ಅಂತ ಅದು ತಾರೀಖು ಹಾಕಿಡುತ್ತದೆ. ತುಂಬಾ ದೊಡ್ಡ ಭಯದ ಹೊತ್ತಿನಲ್ಲಿ ಈ ಕೆಲಸ ಕೆಡುತ್ತದೆ. ನಿಮ್ಮ ಯಜಮಾನರನ್ನೇ ಕೇಳಿ, ತಾರೀಖಿಲ್ಲದ ಎಂಟ್ರಿ ಒಂದು ಲೆಕ್ಕದ ಪುಸ್ತಕದಲ್ಲಿ ಉಳಿದರೆ ಏನಾಗುತ್ತದೆ ಅಂತ. ಯಾವ ಪುಟ ತೆಗೆದರೂ ಅದು ಕಣ್ಣಿಗೆ ಚುಚ್ಚುತ್ತದೆ, ಲೆಕ್ಕ ಟ್ಯಾಲಿ ಆಗುವುದಿಲ್ಲ. ಮಳೆ ಜೋರಾದಾಗ ನಿಮ್ಮ ಮೈಗೆ 2009 ಯಾವುದು, ಇವತ್ತು ಯಾವುದು ಅನ್ನುವುದು ಗೊತ್ತಾಗುವುದಿಲ್ಲ. ನಿಮಗೆ ಗೊತ್ತಿದೆ. ಮೈಗೆ ಗೊತ್ತಿಲ್ಲ. ನಾನು ಇದನ್ನು ಬಹಳ ಸರಳ ಮಾಡಿ ಹೇಳಿದೆ, ಆದರೆ ಸಾರ ಇಷ್ಟೇ.

ಈಗ ಲಕ್ಷಣಗಳ ಮಾತು. ಭಯ, ಕೆಟ್ಟ ಕನಸು, ಬೆಚ್ಚುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ನೀವೂ ಹಾಗೇ ಶುರು ಮಾಡಿದ್ದೀರಿ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಊರು ಹೊಗಳುವ ಲಕ್ಷಣಗಳು. ನಿಮ್ಮ ಅತ್ತೆ ಹೊಗಳುವ ಆ ಲ್ಯಾಮಿನೇಶನ್ ಕಟ್ಟನ್ನೇ ನೋಡಿ. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೆರೆಯಲ್ಲಿ ಹೋಗಿತ್ತಾ? ಅಪ್ಪ ಪಹಣಿ, ರೇಷನ್ ಕಾರ್ಡ್ ಇಲ್ಲದೆ ಪರಿಹಾರಕ್ಕಾಗಿ ಆಫೀಸಿನಿಂದ ಆಫೀಸಿಗೆ ಅಲೆದದ್ದನ್ನು ನೋಡಿದ್ದಿರಾ? ಕಾಗದಪತ್ರ ಜೋಪಾನ ಮಾಡುವುದು ಒಳ್ಳೆಯದೇ, ಯಾರು ಬೇಡ ಅಂತಾರೆ. ಆದರೆ ವಾರಕ್ಕೊಂದು ಸಲ ಅಟ್ಟ ಹತ್ತಿ ಆ ಕಟ್ಟು ಇದೆಯಾ ಅಂತ ಮುಟ್ಟಿ ನೋಡದಿದ್ದರೆ ನಿದ್ದೆ ಬರುವುದಿಲ್ಲ ಅನ್ನುವುದಾದರೆ, ಅದು ಶಿಸ್ತಿನ ಲೆಕ್ಕಕ್ಕೆ ಬರುವುದಿಲ್ಲ. ಕಾವಲು ಇನ್ನೂ ಇಳಿದಿಲ್ಲ ಅಂತ ಅರ್ಥ.

ನಮ್ಮ ಕಡೆ ಗಟ್ಟಿಗಿತ್ತಿ ಅನ್ನುವುದು ದೊಡ್ಡ ಬಿರುದು. ಯಾರಿಗೂ ಕೈ ಚಾಚುವುದಿಲ್ಲ, ಕಣ್ಣೀರು ಹಾಕುವುದಿಲ್ಲ, ಸುಮ್ನೆ ಕೂರುವುದಿಲ್ಲ, ಸತ್ತ ಮನೆಯಲ್ಲೂ ನಿಂತು ಎಲ್ಲ ಕೆಲಸ ನೋಡುತ್ತಾಳೆ. ಇದೆಲ್ಲ ನಿಜವಾದ ಗಟ್ಟಿತನವೂ ಇರಬಹುದು. ಆದರೆ ಸುಮ್ನೆ ಕೂತರೆ ಏನೋ ಬಂದು ಮೇಲೆ ಬೀಳುತ್ತದೆ ಅಂತ ಅನ್ನಿಸುವುದರಿಂದ ಕೂರದೇ ಇರುವವರೂ ಇದ್ದಾರೆ. ನಿಮ್ಮನ್ನೇ ಕೇಳಿಕೊಳ್ಳಿ. ಭಾನುವಾರ ಮಧ್ಯಾಹ್ನ, ಕೆಲಸ ಮುಗಿದಿದೆ, ಮಗ ಮಲಗಿದ್ದಾನೆ. ಆ ಹೊತ್ತು ನಿಮಗೆ ಹಾಯ್ ಅನ್ನಿಸುತ್ತದಾ, ಚಡಪಡಿಕೆ ಆಗುತ್ತದಾ?

ಒಬ್ಬ ಲಾರಿ ಡ್ರೈವರ್ ನೆನಪಾಗುತ್ತಾನೆ. ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತೇನೆ. ಸಂಡೂರಿನಿಂದ ಅದಿರು ಹೊರುತ್ತಿದ್ದ ಕಾಲದವನು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆಟೋ ಇಟ್ಟುಕೊಂಡ. ಅದಕ್ಕೂ ಮೊದಲೊಂದು ರಾತ್ರಿ ಮುಂದಿನ ಲಾರಿ ಬೈಕಿಗೆ ಗುದ್ದಿದ್ದನ್ನು ಕಣ್ಣಾರೆ ಕಂಡಿದ್ದ. ಇಳಿದು ಹೋಗಿ ಎತ್ತಲಿಲ್ಲ. ನನ್ನ ಹತ್ತಿರ ಬಂದದ್ದು ಕುಡಿತ ಬಿಡಿಸಿ ಅಂತ, ಅದೂ ಹೆಂಡತಿ ಎಳೆದುಕೊಂಡು ಬಂದಿದ್ದು. 'ನನಗೇನೂ ಆಗಿಲ್ರೀ, ನಿದ್ದಿ ಇಲ್ಲ ಅಷ್ಟ. ಒಂದು ಕ್ವಾರ್ಟರ್ ಹಾಕಿದ್ರ ನಿದ್ದಿ ಬರ್ತೈತಿ' ಅಂದ. ಮಾತಿಗೆ ಕೂತಾಗ ಗೊತ್ತಾಯಿತು, ಆ ರಸ್ತೆಯ ಕಡೆಗೆ ಅವನು ಆಟೋ ತಿರುಗಿಸಿಯೇ ಇಲ್ಲ. ಸವಾರಿ ಬಂದರೆ ಬೇಡ ಅಂತಾನೆ, ಇಲ್ಲವಾದರೆ ಸುತ್ತುಹಾಕಿ ಹೋಗುತ್ತಾನೆ. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರುತ್ತಾನೆ. ಹೆಂಡತಿಗೆ ಇದೆಲ್ಲ ಗಂಡನ ಸ್ವಭಾವ. 'ಅವ್ರು ಮೊದ್ಲಿಂದ್ಲೂ ಹಂಗೇ ರೀ.'

ಆ ಡ್ರೈವರ್‌ನಿಂದ ನಾನು ಕಲಿತದ್ದು ಒಂದು ಪ್ರಶ್ನೆ. 'ಏನಾಗುತ್ತಿದೆ' ಅಂತ ಕೇಳುವುದಕ್ಕಿಂತ 'ಏನು ಬಿಟ್ಟಿದ್ದೀರಿ' ಅಂತ ಕೇಳಿದರೆ ಜಾಸ್ತಿ ತಿಳಿಯುತ್ತದೆ. ಪೆಟ್ಟು ತಿಂದ ಮನಸ್ಸು ಗದ್ದಲ ಮಾಡುವುದು ಕಡಿಮೆ, ಬದುಕನ್ನು ಸದ್ದಿಲ್ಲದೆ ಸಣ್ಣದು ಮಾಡಿಕೊಳ್ಳುತ್ತಾ ಹೋಗುತ್ತದೆ. ಒಂದು ರಸ್ತೆ ಬಿಡುತ್ತದೆ. ಒಂದು ಹಾಡು ಬಿಡುತ್ತದೆ. ಜಾತ್ರೆ ಗದ್ದಲ ಬೇಡ ಅನ್ನುತ್ತದೆ, ಒಂದು ಬಣ್ಣದ ಸೀರೆ ಉಡುವುದಿಲ್ಲ, ಒಬ್ಬ ಸಂಬಂಧಿಕರ ಮನೆಗೆ ಹೋಗುವುದಿಲ್ಲ. ಪ್ರತಿಯೊಂದಕ್ಕೂ ಒಂದು ಒಳ್ಳೆಯ ನೆಪ ಇರುತ್ತದೆ. 'ಬಿಸಿಲು ಜಾಸ್ತಿ', 'ಟೈಮ್ ಇಲ್ಲ', 'ನನಗೆ ಸೇರಲ್ಲ'.

ತಂಗಿ, 'ಹಾಲು ಮೊಸರು ಸೇರಲ್ಲ' ಅಂತ ನೀವೂ ಬರೆದಿದ್ದೀರಿ. ಹಾಲು ಸೇರದವರು ಬೇಕಾದಷ್ಟು ಜನ ಇದ್ದಾರೆ. ದೊಡ್ಡವರಾದ ಮೇಲೆ ಹಾಲು ಅರಗದೇ ಹೋಗುವುದು ನಮ್ಮ ದೇಶದಲ್ಲಿ ಸಾಮಾನ್ಯ, ಅದರಿಂದ ಹೊಟ್ಟೆನೋವೂ ಬರುತ್ತದೆ. ಹಾಗಾಗಿ ನಾನು ಏನೂ ತೀರ್ಮಾನ ಹೇಳುವುದಿಲ್ಲ. ಒಂದೇ ಕೇಳುತ್ತೇನೆ, 16 ವರ್ಷದವರೆಗೆ ಸೇರುತ್ತಿತ್ತಾ? ಅವ್ವನನ್ನು ಕೇಳಿ ನೋಡಿ. ಹಾಗೆಯೇ, ಮಳೆಗಾಲದಲ್ಲಿ ತವರಿಗೆ ಕೊನೆಯ ಸಲ ಹೋದದ್ದು ಯಾವಾಗ ಅಂತಲೂ ಲೆಕ್ಕ ಹಾಕಿ.

ಹೊಟ್ಟೆನೋವು, ತಲೆಭಾರದ ಬಗ್ಗೆ ಎರಡು ಮಾತು. ಸ್ಕ್ಯಾನಿಂಗ್ ನಾರ್ಮಲ್ ಬಂದರೆ 'ನಿನಗೇನೂ ಇಲ್ಲ, ಸುಮ್ನೆ ನಾಟಕ' ಅಂತ ಹೇಳುವವರು ಇದ್ದಾರೆ, ಬಿಳಿ ಕೋಟು ಹಾಕಿದವರೂ ಇದ್ದಾರೆ. ನೋವು ಸುಳ್ಳಲ್ಲ. ಮೈ ಸದಾ ಓಡಲು ತಯಾರಾಗಿ ನಿಂತಿದ್ದರೆ ಹೊಟ್ಟೆ ಕಿವುಚುತ್ತದೆ, ಕುತ್ತಿಗೆ ಭುಜ ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆದರೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ತಪ್ಪು. ಥೈರಾಯ್ಡ್ ಜಾಸ್ತಿ ಆದರೂ ಎದೆಬಡಿತ, ನಿದ್ದೆಗೇಡು, ಸಿಟ್ಟು ಬರುತ್ತದೆ. ರಕ್ತ ಕಡಿಮೆ ಇದ್ದರೆ ಸುಸ್ತು, ತಲೆಭಾರ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ಮೊದಲು ನೋಡಿಸಿಕೊಳ್ಳಿ. ಇನ್ನೊಂದು ಸ್ಕ್ಯಾನಿಂಗ್ ಬೇಡ.

ಸಿಟ್ಟಿನ ಮಾತು. ಮಗನಿಗೆ ಹೊಡೆಯುವುದನ್ನು ನೀವು ಮುಚ್ಚಿಡದೆ ಬರೆದಿರಿ, ಅದು ಸಣ್ಣ ವಿಷಯ ಅಲ್ಲ. ಆ ಗಳಿಗೆಯಲ್ಲಿ ನಿಮ್ಮ ಕೈ ಎತ್ತಿಸುವುದು ಮಗನ ತುಂಟತನ ಅಂತ ನನಗೆ ಅನ್ನಿಸುವುದಿಲ್ಲ. ನೀರು, ಮಗು, ಆಟ, ಈ ಮೂರೂ ಒಟ್ಟಿಗೆ ಕಂಡ ಕೂಡಲೇ ಅಟ್ಟಣಿಗೆಯ ಹುಡುಗ ಕವಣೆ ಬೀಸುತ್ತಾನೆ. ಭಯ ಹೊರಗೆ ಬರುವಾಗ ಸಿಟ್ಟಿನ ವೇಷ ಹಾಕಿಕೊಂಡು ಬರುವುದು ಬಹಳ ಸಾಮಾನ್ಯ, ಗಂಡಸರಲ್ಲಿ ಇನ್ನೂ ಜಾಸ್ತಿ. ಕಾರಣ ಗೊತ್ತಾಯಿತು ಅಂತ ಮಗನ ಬೆನ್ನಿನ ಬರೆ ಕಡಿಮೆ ಆಗುವುದಿಲ್ಲವಲ್ಲ. ಅದಕ್ಕೇ ಇವತ್ತಿನಿಂದಲೇ ಮಗನ ಸ್ನಾನ ಯಜಮಾನರು ಮಾಡಿಸಲಿ. 'ಬಿಟ್ಟು ಓಡುವುದೇ ಕಾಯಿಲೆ ಅಂತ ಈಗಷ್ಟೇ ಹೇಳಿದಿರಿ, ಇದೂ ಅದೇ ಅಲ್ವಾ ಮೇಡಂ' ಅಂತ ನೀವು ಕೇಳಬಹುದು. ಹೌದು, ಅದೇ. ಆದರೆ ನೀವು ಗುಣ ಆಗುವವರೆಗೆ ಅವನು ಕಾಯಬೇಕಾಗಿಲ್ಲ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಜಾಸ್ತಿ ಆಯಿತು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಫೋನಿನಲ್ಲಿ ದಿನವಿಡೀ ಅದೇ ವಿಡಿಯೋ. ನದಿಯ ನೀರು ನಿಮ್ಮ ಮನೆಗೆ ಬರಲಿಲ್ಲ, ಆದರೆ ಸುದ್ದಿ ಬಂತು. ಹಳೆ ಪೆಟ್ಟನ್ನು ಎಬ್ಬಿಸಲು ಅಷ್ಟು ಸಾಕು. ಆ ದಿನಗಳಲ್ಲಿ ಸಿರುಗುಪ್ಪ, ಕಂಪ್ಲಿ ಕಡೆಯ ಕೆಲವರು ನನ್ನ ಹತ್ತಿರ 'ಬಿಪಿ ಜಾಸ್ತಿ ಆಗೈತಿ' ಅಂತ ಬಂದರು. ಕೆಲವರಿಗೆ ಪೆಟ್ಟು ಬಿದ್ದ ತಿಂಗಳೇ ಸಾಕು. ಮಹಾನವಮಿ ಹತ್ತಿರ ಬಂದ ಹಾಗೆ ಮನಸ್ಸು ಭಾರ ಆಗುತ್ತದೆ, ಯಾಕೆ ಅಂತ ಅವರಿಗೇ ತಿಳಿಯುವುದಿಲ್ಲ. 2009ರ ನೆರೆ ಬಂದದ್ದೂ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲ ದಿನಗಳಲ್ಲಿ. ಹೊಳೆಯ ಆಚೆಗೆ ಮಂತ್ರಾಲಯ, ಕರ್ನೂಲು ಎರಡೂ ಮುಳುಗಿದ್ದ ದಿನಗಳು ಅವು.

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಈಗ ಫೋನಿನಲ್ಲಿ ರೀಲ್ಸ್ ತೆಗೆದರೆ ಸಾಕು, ಎಲ್ಲವೂ ಟ್ರಾಮಾ. ಟೀ ಜಾಸ್ತಿ ಕುಡಿದರೆ ಟ್ರಾಮಾ, ಫೋನ್ ಎತ್ತದಿದ್ದರೆ ಟ್ರಾಮಾ. ಅದು ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನ 100 ಜನರಲ್ಲಿ ಸುಮಾರು 70 ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ದೊಡ್ಡ ಪೆಟ್ಟು ಕಾಣುತ್ತಾರೆ. ಅದು ಪಿಟಿಎಸ್‌ಡಿ ಅನ್ನುವ ಕಾಯಿಲೆಯಾಗಿ ನಿಲ್ಲುವುದು ನೂರಕ್ಕೆ ಆರು ಜನರಿಗೂ ಇಲ್ಲ. ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚುವುದು ಆರೋಗ್ಯವಂತ ಮನಸ್ಸಿನ ಕೆಲಸವೇ. ಹೆಚ್ಚಿನವರಲ್ಲಿ ಅದು ತಾನಾಗೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಅದು ಬಿಡದೆ, ಅಡುಗೆಮನೆ, ಕೆಲಸ, ಗಂಡಹೆಂಡತಿ ನಡುವೆ ಬಂದು ಕೂತರೆ ಆಗ ನೋಡಬೇಕು. ನಿಮ್ಮದು ಆ ಗಡುವು ದಾಟಿ ಬಹಳ ವರ್ಷ ಆಗಿದೆ. ಅಂದಹಾಗೆ ಪಿಟಿಎಸ್‌ಡಿ ಅನ್ನುವ ಹೆಸರು ವೈದ್ಯಕೀಯ ಪಟ್ಟಿಗೆ ಸೇರಿದ್ದೇ 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಕಷ್ಟ ಕಂಡಮೇಲೆ. ಹೆಸರು ಹೊಸದು, ಕಷ್ಟ ಹಳೆಯದು.

ಹಾಗಾದರೆ ನಿಮಗೇ ಯಾಕೆ ಉಳಿಯಿತು? ನಿಮ್ಮ ಜೊತೆ ಅದೇ ಮಾಳಿಗೆ ಮೇಲೆ ಇದ್ದ ಎಷ್ಟೋ ಮಕ್ಕಳು ಈಗ ಆರಾಮಾಗಿ ಇದ್ದಾರಲ್ಲ? ಇದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಇಷ್ಟು ವರ್ಷದ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡಿರುವ ಮಾತು ಒಂದಿದೆ. ಪೆಟ್ಟು ಎಷ್ಟು ದೊಡ್ಡದು ಅನ್ನುವುದರಷ್ಟೇ, ಆಮೇಲೆ ಪಕ್ಕದಲ್ಲಿ ಯಾರು ಕೂತಿದ್ದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆ ದಿನಗಳನ್ನು ನೆನಪು ಮಾಡಿಕೊಳ್ಳಿ. ಗಂಜಿ ಕೇಂದ್ರದಲ್ಲಿ ತಟ್ಟೆ ಹಿಡಿದು ಸಾಲು. ತಗಡಿನ ಶೆಡ್ಡು. ದಾನಿಗಳ ದುಡ್ಡಿನಲ್ಲಿ ಆಸರೆ ಮನೆಗಳು ಎದ್ದವು, ಎಷ್ಟೋ ಕಡೆ ಜನ ಅಲ್ಲಿಗೆ ಹೋಗಲೂ ಇಲ್ಲ. ಗುಳೆ ಹೊರಟ ಮನೆಗಳು ಬೆಂಗಳೂರು ಸೇರಿದವು. ಅಪ್ಪಅವ್ವನಿಗೆ ಬೀಜ, ಗೊಬ್ಬರ, ಸಾಲ, ಪರಿಹಾರದ ಚೆಕ್ಕು. ಆ ಗದ್ದಲದಲ್ಲಿ 16 ವರ್ಷದ ಹುಡುಗಿಯನ್ನು 'ನಿನಗೇನಾತವ್ವ' ಅಂತ ಕೇಳಲು ಯಾರಿಗೆ ಬಿಡುವಿತ್ತು? ಯಾರಾದರೂ ಕೇಳಿದ್ದರೂ 'ಆಗಿದ್ದಾತು, ಜೀವ ಉಳೀತಲ್ಲ' ಅಂತ ಮುಗಿಸಿರುತ್ತಾರೆ. ಅದು ಕಲ್ಲುಮನಸ್ಸಿನ ಮಾತಲ್ಲ. ಅವರೂ ಮುಳುಗಿದವರೇ.

ಈಗ ಕರು. 'ಎಷ್ಟೋ ಜನ ಸತ್ತರು, ನಾನು ಕರುವಿಗೆ ಅಳುವುದಾ' ಅಂತ ನೀವು ಬರೆದ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ದುಃಖಕ್ಕೆ ತಕ್ಕಡಿ ಇಲ್ಲ. ನೀವು ಕರುವಿಗಾಗಿ ಮಾತ್ರ ಅಳುತ್ತಿದ್ದೀರಿ ಅಂತಲೂ ನನಗೆ ಅನ್ನಿಸುವುದಿಲ್ಲ. ಅಪ್ಪ ಹೇಳಿದ ಒಂದೇ ಒಂದು ಕೆಲಸ ಆಗಲಿಲ್ಲ ಅನ್ನುವ ಕೊರಗು ಅದರ ಜೊತೆ ಗಂಟು ಬಿದ್ದಿದೆ. ನೆರೆ ದೇವರದ್ದು, ಹಗ್ಗ ನನ್ನದು. ಪೆಟ್ಟು ಆರದೇ ಉಳಿದವರಲ್ಲಿ ಈ 'ನನ್ನಿಂದಲೇ ಆಯಿತು' ಅನ್ನುವುದು ಭಯಕ್ಕಿಂತಲೂ ಗಟ್ಟಿಯಾಗಿ ಕೂತಿರುತ್ತದೆ. ಇದಕ್ಕೆ ಒಂದು ವಿಚಿತ್ರ ಕಾರಣವೂ ಇದೆ. ತಪ್ಪು ನನ್ನದು ಅಂದುಕೊಂಡರೆ, ಮುಂದಿನ ಸಲ ನಾನು ಸರಿ ಮಾಡಬಹುದು ಅನ್ನುವ ಆಸೆಯಾದರೂ ಉಳಿಯುತ್ತದೆ. ಯಾರ ಕೈಯಲ್ಲೂ ಇರಲಿಲ್ಲ ಅಂತ ಒಪ್ಪಿಕೊಳ್ಳುವುದು ಅದಕ್ಕಿಂತ ಕಷ್ಟ. ರಾತ್ರಿ ಟಾರ್ಚ್ ಹಿಡಿದು ಚರಂಡಿ ನೋಡಲು ಹೋಗುವಾಗ ನೀವು ಏನು ಬಿಚ್ಚಲು ಹೋಗುತ್ತಿದ್ದೀರಿ ಅಂತ ಒಮ್ಮೆ ಯೋಚಿಸಿ. ನಿಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರು ಇದ್ದರೆ ಅವರನ್ನು ಕಣ್ಣು ತುಂಬಾ ನೋಡಿ. ಕತ್ತಲು, ಎದೆಮಟ್ಟ ನೀರು, ಒದ್ದೆಯಾಗಿ ಬಿಗಿದ ಹಗ್ಗದ ಗಂಟು. ಅವರಲ್ಲಿ ಯಾರನ್ನಾದರೂ ನೀವು ಬೈಯುತ್ತೀರಾ?

ಈಗ ಏನು ಮಾಡಬಹುದು ಅನ್ನುವುದು. ರಾತ್ರಿ ಮಳೆ ಶುರುವಾಗಿ ಎದೆ ಹೊಡೆದುಕೊಂಡರೆ ಮಂಚದಿಂದ ಕಾಲು ಇಳಿಸಿ ಅಂಗಾಲು ನೆಲಕ್ಕೆ ಒತ್ತಿ. ನೆಲ ಒಣಗಿದೆ ಅನ್ನುವುದು ಮೈಗೆ ಗೊತ್ತಾಗಲಿ. ಬಾಯಿಬಿಟ್ಟು ಹೇಳಿ: ಇವತ್ತಿನ ತಾರೀಖು, ಸಿಂಧನೂರು, ಹೊಳೆ ಮೈಲಿಗಟ್ಟಲೆ ದೂರ, ಮಗ ಪಕ್ಕದಲ್ಲಿ ಮಲಗಿದ್ದಾನೆ. ಆ ತಾರೀಖಿಲ್ಲದ ಎಂಟ್ರಿಗೆ ತಾರೀಖು ಹಾಕುವ ಕೆಲಸ ಇದು. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು, ಅದೇ ಮುಖ್ಯ. ಐದು ನಿಮಿಷ ಮಾಡಿ.

ಟಾರ್ಚಿನ ಓಡಾಟವನ್ನು ಒಂದೇ ಸಲಕ್ಕೆ ನಿಲ್ಲಿಸಲು ಹೋಗಬೇಡಿ, ಆಗುವುದಿಲ್ಲ. ಯಜಮಾನರ ಜೊತೆ ಮಾತಾಡಿ ಒಂದು ಒಪ್ಪಂದ ಮಾಡಿಕೊಳ್ಳಿ. ಐದು ಸಲ ಹೋಗುವವರು ನಾಲ್ಕು ಸಲ ಹೋಗಿ. ಎರಡು ವಾರ ಆದಮೇಲೆ ಮೂರು. ಎದ್ದ ಕೂಡಲೇ ಹೋಗದೆ ಹತ್ತು ನಿಮಿಷ ತಡೆದು ಹೋಗಿ. ಆ ಹತ್ತು ನಿಮಿಷ ನರಕ ಅನ್ನಿಸುತ್ತದೆ, ಆಮೇಲೆ ತಾನಾಗೇ ಇಳಿಯುತ್ತದೆ. ಇಳಿಯುತ್ತದೆ ಅನ್ನುವುದನ್ನು ಮೈ ತಾನೇ ನೋಡಿ ಕಲಿಯಬೇಕು, ನಾನು ಬರೆದು ಕಲಿಸಲು ಆಗುವುದಿಲ್ಲ.

ಯಜಮಾನರು ಇದನ್ನು ಓದಿದರೆ ಒಳ್ಳೆಯದು. ಅವರು ಮಾಡಬೇಕಾದ್ದು ಕಡಿಮೆ. 'ಮರೆತುಬಿಡು' ಅನ್ನಬಾರದು, ಮರೆಯಲು ಆಗಿದ್ದರೆ ಯಾವಾಗಲೋ ಮರೆಯುತ್ತಿದ್ದಿರಿ. ಹಿಂದಿನಿಂದ ಬಂದು ಥಟ್ಟನೆ ಹೆಗಲು ಮುಟ್ಟಬಾರದು. 'ಏನಾಯ್ತು ಎಲ್ಲಾ ಹೇಳು' ಅಂತ ಒತ್ತಾಯ ಮಾಡುವುದೂ ಬೇಡ. ಕತೆಯನ್ನು ಒಂದೇ ಕೂತಿಗೆ ಹೊರಗೆ ಎಳೆದರೆ ಗಾಯ ಆರುತ್ತದೆ ಅನ್ನುವ ನಂಬಿಕೆ ಹಿಂದೆ ವೈದ್ಯರಲ್ಲೂ ಇತ್ತು, ಅದು ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು. ಪಕ್ಕದಲ್ಲಿ ಕೂತಿರಬೇಕು, ಅಷ್ಟೆ. ಬೇಕಾದರೆ ಟೀ ಮಾಡಿಕೊಡಲಿ.

ಬೇಡದ್ದು ಒಂದಿದೆ. ನಿದ್ದೆ ಇಲ್ಲ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಅಲ್ಪ್ರಜೋಲಂ ತರದ ಗುಳಿಗೆ ನುಂಗಬೇಡಿ. ಮೊದಲ ವಾರ ಸ್ವರ್ಗ, ಆಮೇಲೆ ಅದು ಇಲ್ಲದಿದ್ದರೆ ಕಣ್ಣೇ ಮುಚ್ಚುವುದಿಲ್ಲ. ಒಳಗಿನ ಪೆಟ್ಟಿಗೆ ಅದು ಔಷಧಿಯೂ ಅಲ್ಲ. ತಾಯತ, ಹರಕೆ, ಹುಲಿಗೆಮ್ಮನ ದರ್ಶನ ಇದಕ್ಕೆಲ್ಲ ನನ್ನ ತಕರಾರು ಇಲ್ಲ. ದೇವಿಯ ಮುಂದೆ ಮನಸ್ಸು ಬಿಚ್ಚಿ ಅತ್ತು ಹಗುರಾಗಿ ಬಂದವರನ್ನು ನೋಡಿದ್ದೇನೆ. ಗುಡಿಗೂ ಹೋಗಿ, ಆಸ್ಪತ್ರೆಗೂ ಹೋಗಿ.

ಆಸ್ಪತ್ರೆ ಅಂದ ಕೂಡಲೇ 'ಬೆಂಗಳೂರು ನಿಮ್ಹಾನ್ಸ್‌ಗೆ ಹೋಗಬೇಕಾ' ಅಂತ ಭಯ ಬೇಡ. ನಮ್ಮ ಭಾಗದವರೇ ಮರೆತಿರುವ ಮಾತೊಂದಿದೆ. 1985ರಿಂದ ನಿಮ್ಹಾನ್ಸ್‌ನವರು ಆಗಿನ ಬಳ್ಳಾರಿ ಜಿಲ್ಲೆಯಲ್ಲೇ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿ ನೋಡಿದರು. ಅದು ಕೆಲಸ ಮಾಡಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಇಡೀ ದೇಶ 'ಬಳ್ಳಾರಿ ಮಾದರಿ' ಅನ್ನುತ್ತದೆ, ಬಳ್ಳಾರಿಯವರು ಮಾತ್ರ ಇನ್ನೂ ಮುಖ ಮುಚ್ಚಿಕೊಂಡು ನಮ್ಮ ಹತ್ತಿರ ಬರುತ್ತಾರೆ.

ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಇದೆ. ಹೋಗುವ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಖಚಿತ ಮಾಡಿಕೊಳ್ಳಿ, ಸುಮ್ನೆ ಒಂದು ರಜೆ ಹಾಳಾಗಬಾರದು. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೂ ತೋರಿಸಬಹುದು. ಬಸ್ಸು ಹತ್ತುವ ಮೊದಲೇ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಯಾವತ್ತಾದರೂ ಬಂದರೆ ಮಂಗಳವಾರಕ್ಕೆ ಕಾಯಬೇಡಿ, ಆ ಗಳಿಗೆಯಲ್ಲೇ ಯಜಮಾನರನ್ನು ಎಬ್ಬಿಸಿ, ಫೋನ್ ಮಾಡಿ.

ಅಲ್ಲಿ ಏನು ಮಾಡುತ್ತಾರೆ? ಕರೆಂಟ್ ಕೊಡುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಇದಕ್ಕೆ ಮುಖ್ಯ ಚಿಕಿತ್ಸೆ ಮಾತು. ತರಬೇತಿ ಪಡೆದವರ ಜೊತೆ ಆ ನೆನಪಿನ ಹತ್ತಿರಕ್ಕೆ ನಿಧಾನವಾಗಿ, ನಿಮ್ಮ ಕೈಯಲ್ಲಿ ಲಗಾಮು ಇಟ್ಟುಕೊಂಡೇ ಹೋಗಿ ಬರುವುದು. ವಾರಕ್ಕೊಂದು ಸಲದಂತೆ ಎಂಟರಿಂದ ಹದಿನೈದು ವಾರ ಹಿಡಿಯಬಹುದು. ಕಣ್ಣನ್ನು ಆಚೀಚೆ ಆಡಿಸುತ್ತಾ ನೆನಪನ್ನು ಹಗುರ ಮಾಡುವ ಇಎಂಡಿಆರ್ ಅನ್ನುವ ವಿಧಾನವೂ ಇದೆ. ನೋಡಲು ವಿಚಿತ್ರ, ಆದರೆ ಎಷ್ಟೋ ಜನಕ್ಕೆ ಉಪಯೋಗ ಆಗಿದೆ. ನಿದ್ದೆ, ಸಿಟ್ಟು ತೀರಾ ಜಾಸ್ತಿ ಇದ್ದರೆ ಸೆರ್ಟ್ರಾಲಿನ್ ತರದ ಗುಳಿಗೆ ಬರೆಯಬಹುದು. ಅದು ಅಲ್ಪ್ರಜೋಲಂ ಹಾಗೆ ಚಟ ಹಿಡಿಸುವುದಿಲ್ಲ, ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಹತ್ತು ದಿನಕ್ಕೆ 'ಏನೂ ಆಗಲಿಲ್ಲ' ಅಂತ ಬಿಟ್ಟುಬಿಡಬೇಡಿ, ಆರಾಮಾಯಿತು ಅಂತ ತಾವಾಗೇ ನಿಲ್ಲಿಸಲೂ ಬೇಡಿ.

ಮಗನಿಗೆ ನಿಮ್ಮ ಕತೆ ಹೇಳಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ನೀವು ಎದ್ದು ಹೋಗುವುದು ಅವನಿಗೆ ಗೊತ್ತಿರುತ್ತದೆ. ಏಳು ವರ್ಷದ ಮಕ್ಕಳು ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತವೆ. ಅವ್ವ ಯಾಕೆ ಹೊಡೆಯುತ್ತಾಳೆ ಅಂತ ಗೊತ್ತಾಗದಿದ್ದರೆ ತಪ್ಪು ತನ್ನದೇ ಅಂತ ಅವನೂ ಒಂದು ಹಗ್ಗ ಹಿಡಿದು ಕೂರುತ್ತಾನೆ. ಹಗಲು ಹೊತ್ತಿನಲ್ಲಿ, ಮಳೆ ಇಲ್ಲದ ದಿನ, ನಾಲ್ಕು ಸಾಲು ಸಾಕು. 'ಅವ್ವ ಚಿಕ್ಕವಳಿದ್ದಾಗ ನಮ್ಮೂರಿಗೆ ದೊಡ್ಡ ನೀರು ಬಂದಿತ್ತು. ನಮ್ಮ ಕರು ನೀರಾಗ ಹೋತು. ಅವ್ವಗ ಅಂಜಿಕಿ ಆಗಿತ್ತು. ಅದಕ್ಕ ಸಿಟ್ಟು ಬರ್ತದ, ತಪ್ಪು ನಿಂದಲ್ಲ.' ಅವನು ಖಂಡಿತ ಕರುವಿನ ಬಗ್ಗೆ ಕೇಳುತ್ತಾನೆ, ಮಕ್ಕಳು ಕೇಳುವುದೇ ಅದನ್ನು. ಅದರ ಹೆಸರೇನಿತ್ತು, ಬಣ್ಣ ಯಾವುದು, ಹಾಯುತ್ತಿತ್ತಾ ಅಂತ. ಇಷ್ಟುದ್ದ ಪತ್ರದಲ್ಲಿ ಅದರ ಹೆಸರು ನೀವು ಎಲ್ಲೂ ಬರೆದಿಲ್ಲ, ತಂಗಿ. ಅವನಿಗೆ ಹೇಳಿ.